ರೆಕ್ಕೆಗೆ ಆಸರೆಯಾದ ಕೈ: ಟೆರೋಸಾರ್ ಮತ್ತು ಹಾರುವ ಓತಿಯ ತೌಲನಿಕ ಅಂಗರಚನೆ

ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹಾರುವ ಸರೀಸೃಪಗಳಾದ ಟೆರೋಸಾರ್‌ಗಳ ಪಳೆಯುಳಿಕೆ ಹುಡುಕಿ ಫಲವಿಲ್ಲ. ಇಲ್ಲಿನ ನೆಲದಡಿ ಇರುವುದು ಪುರಾತನ ಗ್ನೈಸ್ ಶಿಲೆ. ಸರಗೂರಿನ ಹೆಸರು ಹೊತ್ತ ಶಿಲಾಸಮೂಹಕ್ಕಂತೂ ಸುಮಾರು 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಟೆರೋಸಾರ್‌ಗಳು ಬದುಕಿದ್ದು ಸುಮಾರು 22 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ಆದರೆ ಸರೀಸೃಪವೊಂದು ಗಾಳಿಗೆ ಮೈಯೊಡ್ಡುವ ಬಗೆಯನ್ನು ನಮ್ಮ ಪಶ್ಚಿಮ ಘಟ್ಟದ ಹಾರುವ ಓತಿಯಲ್ಲಿ ಇಂದಿಗೂ ಕಣ್ಣಾರೆ ನೋಡಬಹುದು. ಹಾರುವ ಓತಿ ಟೆರೋಸಾರ್‌ಗಳ ವಂಶದ್ದಲ್ಲ. ಅದು ಹಲ್ಲಿಗಳ ಬಳಗದ್ದು. ಹಾಗಿದ್ದೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಟೆರೋಸಾರ್‌ಗಳ ಕೈಯ ವೈಶಿಷ್ಟ್ಯ ಎದ್ದು ಕಾಣುತ್ತದೆ.

ಓತಿಯ ರೆಕ್ಕೆಪೊರೆಯನ್ನು ಬಿಡಿಸುವುದು ಉದ್ದಕ್ಕೆ ಚಾಚಿದ ಪಕ್ಕೆಲುಬುಗಳು. ಕೈಗಳಿಗೆ ಅಲ್ಲಿ ಕೆಲಸವಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. ಆಗುಂಬೆಯ ಸುತ್ತ ಈ ಓತಿಗಳನ್ನು ಗಮನಿಸಿದ ಸಂಶೋಧಕ ಮ್ಯಾಕ್ಸಿಮಿಲಿಯನ್ ಡೆಹ್ಲಿಂಗ್ 2017ರಲ್ಲಿ ಬೇರೆಯದನ್ನೇ ತೋರಿಸಿದರು: ಮರದಿಂದ ನೆಗೆದ ಓತಿ ಮುಂಗೈಗಳನ್ನು ಹಿಂದಕ್ಕೆ ತಂದು ಪೊರೆಯ ಮುಂದಂಚನ್ನು ಹಿಡಿದುಕೊಳ್ಳುತ್ತದೆ, ಮರ ಸಮೀಪಿಸಿದಾಗ ಬಿಡುತ್ತದೆ. ನಮ್ಮ ಮಲೆನಾಡಿನಲ್ಲೇ ದೊರೆತ ಈ ಕಾಣ್ಕೆ ಸಣ್ಣದಲ್ಲ.

ಓತಿ ಹಿಡಿದು ಬಿಡುವ ಅಂಚು ಟೆರೋಸಾರ್‌ನಲ್ಲಿ ಕೈಯದೇ ಭಾಗ. ನಾಲ್ಕನೆಯ ಬೆರಳೊಂದೇ ವಿಪರೀತ ಬೆಳೆದು ಪೊರೆಯ ಹೊರ ಅಂಚನ್ನು ಹೊತ್ತಿತು. ಮಣಿಕಟ್ಟಿನ ಟೆರಾಯ್ಡ್ ಎಂಬ ಎಲುಬು ಮುಂದಿನ ಕಿರುಪೊರೆಗೆ ಆಧಾರವಾಯಿತು. ಪೊರೆಯೊಳಗಿನ ಸೂಕ್ಷ್ಮ ನಾರುಗಳು ಅದಕ್ಕೆ ಬಿಗಿ ಕೊಟ್ಟವು. ಓತಿ ಕೆಳಮುಖವಾಗಿ ತೇಲುತ್ತದೆ ಅಷ್ಟೆ. ಟೆರೋಸಾರ್ ಎದೆಯ ಸ್ನಾಯುಬಲದಿಂದ ರೆಕ್ಕೆ ಬಡಿಯುತ್ತಿತ್ತು. ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆಯುತ್ತಿತ್ತೆಂಬುದಕ್ಕೆ ಹೆಜ್ಜೆಗುರುತುಗಳ ಸಾಕ್ಷ್ಯವಿದೆ. ಸುಮಾರು 10 ಮೀಟರ್ ರೆಕ್ಕೆಹರವಿನ ಟೆರೋಸಾರ್ ಕೆಟ್ಜಾಲ್‌ಕೋಟ್ಲಸ್ ಮೇಲೇರಿದ್ದು ಹೇಗೆ ಎಂಬುದಕ್ಕೆ, ಮುಂಗೈಗಳಿಂದ ನೆಲವನ್ನು ಒದ್ದು ಚಿಮ್ಮುತ್ತಿತ್ತೆಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ. ಟೊಳ್ಳಾದರೂ ದೃಢವಾದ ತೋಳೆಲುಬು ಅದನ್ನೇ ಸಮರ್ಥಿಸುತ್ತದೆ.

ಮರಿಗಳ ವಿಷಯದಲ್ಲೂ ವಾದ ತೋಳಿನ ಸುತ್ತಲೇ ನಡೆದಿದೆ. ಚೀನಾದ ಹ್ಯಾಮಿಪ್ಟೆರಸ್ ಎಂಬ ಟೆರೋಸಾರ್‌ನ ಮೊಟ್ಟೆಗಳೊಳಗಿನ ಭ್ರೂಣಗಳಲ್ಲಿ ಹಾರುವ ಸ್ನಾಯು ಅಂಟುವ ಜಾಗ ಇನ್ನೂ ಬಲಿತಿರಲಿಲ್ಲ. ಆದ್ದರಿಂದ ಮರಿಗಳು ಹುಟ್ಟಿದೊಡನೆ ಹಾರಲಾರವೆಂದು 2017ರ ಅಧ್ಯಯನ ತರ್ಕಿಸಿತು. ಬೇರೆ ಜಾತಿಗಳ ಎಳೆಮರಿಗಳ ತೋಳೆಲುಬಿನ ಬಲವನ್ನು ಲೆಕ್ಕಹಾಕಿದ 2021ರ ಅಧ್ಯಯನವು ಅವು ಆಗಲೇ ಹಾರಬಲ್ಲವಾಗಿದ್ದವೆಂಬ ತೀರ್ಮಾನಕ್ಕೆ ಬಂದಿತು.