ಕೇಪಿನ ಕೋವಿ, ಎದುರು ಗುಡ್ಡದ ಹಂದಿ ಮತ್ತು ರಾಬಿನ್ಸ್

ಮಲೆನಾಡಿನಲ್ಲಿ ಬೆಳೆದವರು ಈ ಕಥೆ ಕೇಳಿಯೇ ಇರ್ತೀರಿ. ಒಂದು ಕೇಪಿನ ಕೋವಿ, ಎದುರು ಗುಡ್ಡದ ಮೇಲೊಂದು ಹಂದಿ, ಒಂದೇ ಗುಂಡು! ನಮ್ಮ ದೊಡ್ಡಪ್ಪ ಹೇಳುವಾಗಂತೂ ಆ ಗುಡ್ಡ ವರ್ಷಕ್ಕೊಂದಿಷ್ಟು ದೂರ ಸರಿಯುತ್ತಿತ್ತು :-)

ನಳಿಗೆಯ ಬಾಯಿಂದ ಮದ್ದು ತುಂಬಿ, ಮೇಲೆ ಸೀಸದ ದುಂಡು ಗುಂಡು ಜಡಿದು ಹೊಡೆಯುವ ಕೋವಿ ನಿಜಕ್ಕೂ ಎಷ್ಟು ದೂರಕ್ಕೆ ಸೈ? ಉತ್ತರದ ದಾರಿ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ, 1742ರಲ್ಲಿ. ಭಾರವಾದ ಲೋಲಕಕ್ಕೆ ಮರದ ಹಲಗೆ ಬಿಗಿದು ಅದಕ್ಕೆ ಗುಂಡು ಹೊಡೆದ. ಲೋಲಕ ಎಷ್ಟು ತೂಗಿತು ಅಂತ ಅಳೆದು ಗುಂಡಿನ ವೇಗ ಲೆಕ್ಕ ಹಾಕಿದ. ಲೋಲಕವನ್ನು ದೂರಕ್ಕೆ ಸರಿಸಿ ಹೊಡೆದಾಗ, ದಾರಿಯಲ್ಲಿ ಕಳೆದುಹೋದ ವೇಗವೂ ಸಿಕ್ಕಿತು.

ಅಲ್ಲೇ ಆಶ್ಚರ್ಯ ಕಾದಿತ್ತು. ಒಂದು ಪೌಂಡ್ ಸೀಸಕ್ಕೆ ಹನ್ನೆರಡು ಆಗುವ ಗುಂಡು (ನಮ್ಮ 'ಹನ್ನೆರಡು ಬೋರ್' ಅನ್ನೋದೂ ಇದೇ ಲೆಕ್ಕ) ಸೆಕೆಂಡಿಗೆ ಸುಮಾರು 1700 ಅಡಿ ವೇಗದಲ್ಲಿ ಹೊರಟರೆ, ಗಾಳಿ ಅದನ್ನು ಅದರ ತೂಕದ 120 ಪಟ್ಟು ಬಲದಿಂದ ತಡೆಯುತ್ತದೆ! ಗಾಳಿಯೇ ಇಲ್ಲದಿದ್ದರೆ 17 ಮೈಲಿ ಹೋಗಬೇಕಾದ ಗುಂಡು ಅರ್ಧ ಮೈಲಿಯೂ ಹೋಗೋದಿಲ್ಲ ಅಂತ ಬರೆದ. ಅಲ್ಲಿಯವರೆಗೆ ಕೋವಿ-ಫಿರಂಗಿಯ ಲೆಕ್ಕ ಬರೆದವರಲ್ಲಿ ಹೆಚ್ಚಿನವರು ಗಾಳಿಯ ತಡೆಯನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಂಡಿರಲಿಲ್ಲ ಅನ್ನಬಹುದು.

ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ (ಅದೇ ರೈಫಲ್) ಗುಂಡು ತಿರುಗುತ್ತಾ ನೇರ ಹೋಗುತ್ತದೆ ಅಂತಲೂ ವಿವರಿಸಿದ. ನಿಜ, ಗುರಿ ಸುಧಾರಿಸುತ್ತೆ. ಆದರೆ ಗಾಳಿ ಬಿಡಬೇಕಲ್ಲ?

ಅಮೆರಿಕದ ಬೇಟೆಗಾರರ ಅರ್ಧ ಇಂಚಿನ ರೈಫಲ್ಲನ್ನೇ ನೋಡಿ. ಗುಂಡಿನ ತೂಕ 11-12 ಗ್ರಾಂ. 1800 ಅಡಿ ವೇಗದಲ್ಲಿ ಹೊರಟದ್ದು 100 ಗಜ ಮುಟ್ಟುವಾಗ 1000 ಚಿಲ್ಲರೆಗೆ ಇಳಿದಿರುತ್ತದೆ. ಶಕ್ತಿಯ ಮೂರರಲ್ಲಿ ಎರಡು ಪಾಲು ಖಲಾಸ್! ಮದ್ದು ಜಾಸ್ತಿ ಹಾಕಿದರೆ? ಹೊರಡುವಾಗ 300 ಅಡಿ ವೇಗ ಹೆಚ್ಚಿದರೂ 100 ಗಜದಲ್ಲಿ ಅದರ ಅರ್ಧ ಉಳಿದರೆ ಹೆಚ್ಚು. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಅದಕ್ಕಿಂತ ಜೋರಾಗಿ ಹೆಚ್ಚುತ್ತದೆ. ದಾರಿ ಒಂದೇ, ದಪ್ಪ ಗುಂಡು. ಅಡ್ಡಳತೆ ಎರಡರಷ್ಟಾದರೆ ಗಾಳಿಗೆ ಸಿಗುವ ಮೈ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಆನೆ ಬೇಟೆಯ ದೊರೆಗಳು ಕಾಲು ಪೌಂಡಿನ ಗುಂಡು ಹೊತ್ತದ್ದು ಬರೀ ಜಂಬಕ್ಕಲ್ಲ.

ಹಾಗಾಗಿ ಅರ್ಧ ಇಂಚಿನ ಗುಂಡಿಗೆ ಜಿಂಕೆಯ ಲೆಕ್ಕದಲ್ಲಿ 100 ಗಜವೇ ಗಡಿ. ಅದರಾಚೆಗೂ ಗುಂಡು ಮುಟ್ಟುತ್ತೆ, ಆದರೆ ಮುಟ್ಟೋದು ಬೇರೆ, ಕೊಲ್ಲೋದು ಬೇರೆ.

ಅಂದಹಾಗೆ, ಈ ರಾಬಿನ್ಸ್ ಕಡೆಗೆ ಬಂದದ್ದು ನಮ್ಮ ಕಡೆಗೇ! 1750ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಭಾರತಕ್ಕೆ ಬಂದ. ಮರುವರ್ಷ ಜುಲೈನಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಜಗಳ ಆಡ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡು ಬಿದ್ದದ್ದು ಹೌದು ಮಾರಾಯ... ಹಂದಿ ಸಿಕ್ಕಿದ್ದು ಮೂರನೇ ದಿನ, ಹಳ್ಳದ ಹತ್ತಿರ" ಅಂದರು.