ಪದ ಪರಿಚಯ: ತೋಳು

ತೋಳು ಅಚ್ಚ ದ್ರಾವಿಡ ಪದ. ಕನ್ನಡದಲ್ಲಿ ಅದು ಭುಜದಿಂದ ಇಳಿಯುವ ಅಂಗ, ಮಲಯಾಳದಲ್ಲಿ ಹೆಗಲು. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ರಾಕೆಟ್‌ನ ನಾಲ್ಕನೇ ಹಂತದ ಮೇಲೆ ಇಸ್ರೊ ಕಳಿಸಿದ ಏಳು ಕೀಲುಗಳ ಯಂತ್ರವನ್ನು ‘ರೋಬೊ ಕೈ’ ಎನ್ನುವುದಕ್ಕಿಂತ ‘ಯಂತ್ರತೋಳು’ ಎನ್ನುವುದೇ ಸರಿ. ಕೈ ಎಂದರೆ ಹಿಡಿತ ನೆನಪಾಗುತ್ತದೆ. ತೋಳು ಎಂದರೆ ಅದು ಹುಟ್ಟುವ ಹೆಗಲು, ಹೆಗಲನ್ನು ಹೊತ್ತ ಮೈ. ಆಧಾರವಿಲ್ಲದೆ ತೇಲುವ ನೌಕೆ ತೋಳು ಚಾಚಿದರೆ ಮೈಯೂ ಹಿಂದೆ ಸರಿದು ತಿರುಗುತ್ತದೆ. ಬಂಟ್ವಾಳದ ನೇತ್ರಾವತಿಯಲ್ಲಿ ದೋಣಿಯಿಂದ ದಡಕ್ಕೆ ಹಾರಿದವರು ಬಲ್ಲರು: ನಾವು ಮುಂದೆ, ದೋಣಿ ಹಿಂದೆ. ಆದ್ದರಿಂದ ಚಲನೆಯ ಯೋಜನೆ ತೋಳು, ಮೈ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಆಡುಮಾತಿನಲ್ಲಿ ಇಡೀ ಅಂಗವೂ ಕೈಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ತುದಿಯ ಹಿಡಿಕೆಗೂ ಒಂದು ಹೆಸರು ಬೇಕು. ಅದಕ್ಕೆ ‘ಕೈ’ ಮೀಸಲಿರಲಿ, ಇಡೀ ಅಂಗ ‘ತೋಳು’ ಆಗಲಿ.