ಕ್ರೈಸ್ತ ಯುವಜನ ಸೇವೆ: ಕಲಬುರಗಿ ಸೀಮೆಯ ಚರಿತ್ರೆ

ಹದಿಮೂರರಿಂದ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರನ್ನು ನಂಬಿಕೆ, ನಡತೆ, ಓದು, ದುಡಿಮೆಗಳಲ್ಲಿ ಕೈಹಿಡಿದು ನಡೆಸಲು ಕ್ರೈಸ್ತ ಸಭೆಗಳು ಮಾಡಿಕೊಂಡ ಏರ್ಪಾಡು. ಪ್ರಾಟೆಸ್ಟಂಟರು ಇದನ್ನು ಯೌವನಸ್ಥರ ಕೂಟ ಎನ್ನುತ್ತಾರೆ, ಕಥೋಲಿಕರು ಯುವಜನ ಸೇವೆ ಎನ್ನುತ್ತಾರೆ. ಮೆಥಡಿಸ್ಟರ ಬಾಯಲ್ಲಿ ಅದು ಬರೀ ಎಂ.ವೈ.ಎಫ್. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. 2011ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಕ್ರೈಸ್ತರು ನೂರಕ್ಕೆ 1.87, ಕಲಬುರಗಿ ಜಿಲ್ಲೆಯ ಪಾಲು ಇದಕ್ಕಿಂತಲೂ ಕಡಿಮೆ, ನೆರೆಯ ಬೀದರದ್ದು ಹೆಚ್ಚು. ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದ, ದತ್ತಾತ್ರೇಯನ ಗಾಣಗಾಪುರವನ್ನು ಮಡಿಲಲ್ಲಿಟ್ಟುಕೊಂಡ ಅಫಜಲಪುರ, ಭೀಮೆಯ ದಂಡೆಯ ಜೇವರ್ಗಿ — ಇಲ್ಲಿನ ಕ್ರೈಸ್ತ ಹರೆಯದವರು ಉರುಸು, ಜಾತ್ರೆ, ಕ್ರಿಸ್‌ಮಸ್ ಮೂರನ್ನೂ ನೋಡುತ್ತ ಬೆಳೆಯುವವರು.

ಈ ಸೇವೆ ಯಾವಾಗ ಶುರುವಾಯಿತು ಎಂಬಲ್ಲೇ ಬರಹಗಾರರು ಬೇರೆಬೇರೆ ದಾರಿ ಹಿಡಿಯುತ್ತಾರೆ. ಒಬ್ಬರಿಗೆ ಅದು 1844ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಕಟ್ಟಿದ ವೈ.ಎಂ.ಸಿ.ಎ.ಯಿಂದ, ಇನ್ನೊಬ್ಬರಿಗೆ 1889ರ ಮೇ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ಎಪ್‌ವರ್ತ್ ಲೀಗಿನಿಂದ. ಎರಡೂ ಲೆಕ್ಕಗಳು ಸಂಘದ ಹೆಸರನ್ನು ಹಿಡಿದು ಹೊರಟವು. ಕನ್ನಡನಾಡಿನಲ್ಲಿ ಸಂಘಕ್ಕಿಂತ ಮೊದಲು ಬಂದದ್ದು ಶಾಲೆ ಮತ್ತು ವಸತಿ. ಹರೆಯದ ಹುಡುಗನೊಬ್ಬನ ಮನಸ್ಸು ಯಾರ ಸ್ವತ್ತು ಎಂಬ ಜಗಳ ಎದ್ದದ್ದೂ ಅಲ್ಲೇ.

ಇನ್ನೊಂದು ಗೋಜಲು ಭೂಪಟದ್ದು. ಬಾಸೆಲ್ ಮಿಶನ್ ಮಂಗಳೂರು, ಧಾರವಾಡದ ಕಡೆ ನೆಲೆಸಿತು. ಲಂಡನ್ ಮಿಶನ್ ಬಳ್ಳಾರಿ, ಬೆಳಗಾವಿಗಳನ್ನು ಹಿಡಿಯಿತು. ವೆಸ್ಲಿಯನ್ನರು ಮೈಸೂರು ಸಂಸ್ಥಾನದಲ್ಲಿದ್ದರು. ನಿಜಾಮರ ಆಳ್ವಿಕೆಯ ಕಲಬುರಗಿ, ಬೀದರಗಳು ಅಮೆರಿಕದ ಮೆಥಡಿಸ್ಟರ ಪಾಲಿಗೆ ಬಂದವು. ಕರ್ನಾಟಕದ ಕ್ರೈಸ್ತ ಚರಿತ್ರೆ ಬಹುಮಟ್ಟಿಗೆ ಮಂಗಳೂರು, ಬೆಂಗಳೂರುಗಳಲ್ಲಿ ಕೂತು ಬರೆದದ್ದಾದ್ದರಿಂದ ಭೀಮಾತೀರಕ್ಕೆ ಅದರಲ್ಲಿ ಸಿಕ್ಕುವುದು ಒಂದೆರಡು ಸಾಲು. ಮಿಶನರಿಗಳಿಗಿಂತ ಹಳೆಯ ಕ್ರೈಸ್ತ ನೆಲೆಯೂ ಹತ್ತಿರದಲ್ಲೇ ಇದೆ: ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯದ ಬೇರು ಆದಿಲ್‌ಶಾಹಿ ಕಾಲದಲ್ಲಿ ಗೋವೆಯಿಂದ ಬಂದ ಜೆಸ್ವಿಟರವರೆಗೆ ಹೋಗುತ್ತದೆ.

ಮೊದಲ ದೊಡ್ಡ ಪ್ರಕರಣ 1844ರ ಜನವರಿಯದು. ವೈ.ಎಂ.ಸಿ.ಎ. ಹುಟ್ಟಲು ಇನ್ನೂ ಐದು ತಿಂಗಳಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಇಂಗ್ಲಿಷ್ ಶಾಲೆ ನಡೆಸುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿ ಆಗಿನ್ನೂ ಅರ್ಧ ವರ್ಷವಾಗಿತ್ತು. ಅವರ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ, ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದರು. ಹುಟ್ಟಿದ್ದು 1825ರ ಮಾರ್ಚಿನಲ್ಲಿ, ಅಂದರೆ ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ಊರು ಅಲ್ಲೋಲಕಲ್ಲೋಲವಾಯಿತು. ಮದುವೆಯಾಗಿದ್ದ ಹುಡುಗಿ ಅವರ ಹಿಂದೆ ಬರಲಿಲ್ಲ. ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಆದ ಅವರು 1846ರಲ್ಲಿ ಬಾಸೆಲ್ಲಿಗೆ ಹೋಗಿ, ಪಾದ್ರಿ ದೀಕ್ಷೆ ಪಡೆದು 1851ರಲ್ಲಿ ಮರಳಿದರು. ಮುಂದೆ ಮಂಗಳೂರಿನಲ್ಲಿ ತಾವೇ ಎಳೆಯರಿಗೆ ಪಾಠ ಹೇಳಿ 1893ರಲ್ಲಿ ತೀರಿಕೊಂಡರು.

ಮಿಶನ್ ವರದಿಗಳಲ್ಲಿ ಇದು ಒಬ್ಬ ತರುಣನ ಹೃದಯ ತಿರುಗಿದ ಕಥೆ. ಮನೆಯವರ ಕಣ್ಣಿನಲ್ಲಿ ಮೇಷ್ಟರು ಮಗನನ್ನು ಕಸಿದುಕೊಂಡ ಕಥೆ. ಬರೆದಿಟ್ಟವರು ಹೆಚ್ಚಾಗಿ ಮೊದಲಿನವರೇ ಆದ್ದರಿಂದ ನಂತರದ ಪುಸ್ತಕಗಳಲ್ಲೂ ಮೊದಲನೆಯದೇ ಮೇಲುಗೈ. ವಿಶ್ವಕೋಶಕಾರ ಎರಡನ್ನೂ ಪಕ್ಕಪಕ್ಕ ಇಡಬೇಕು. ಇಂದಿನ ಅರ್ಥದ ಯುವಜನ ಸೇವೆಯ ಎರಡು ಮುಖಗಳೂ ಈ ಒಂದೇ ಘಟನೆಯಲ್ಲಿವೆ: ಹರೆಯದವರ ಪ್ರಶ್ನೆಗೆ ಕಿವಿಗೊಡುವ ಹಿರಿಯ ಗೆಳೆಯ ಮತ್ತು ಮನೆಯಿಂದ ಹೊರಬಿದ್ದವರಿಗೆ ಅನ್ನ, ಆಶ್ರಯ ಹುಡುಕಬೇಕಾದ ಸಂಸ್ಥೆ. ಜಾತಿ ಬಿಟ್ಟವರಿಗೆ ಕುಲಕಸುಬೂ ಇಲ್ಲವಾದಾಗ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚಿನ ಹಿಂದೆ ಇರುವುದು ಈ ಚಿಂತೆಯೇ.

ಕಾನೂನು ನಿಧಾನವಾಗಿ ಹಿಂಬಾಲಿಸಿತು. ಮತಾಂತರವಾದವರಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು 1850ರ ಜಾತಿ ಅನರ್ಹತೆ ನಿವಾರಣಾ ಕಾಯಿದೆ ಹೇಳಿತು. ಹದಿನೆಂಟಕ್ಕೆ ಪ್ರಾಪ್ತ ವಯಸ್ಸು ಎಂದು 1875ರ ಕಾಯಿದೆ ಗೆರೆ ಎಳೆಯಿತು. ಇವೆರಡರ ನಡುವಿನ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯನ್ನು ಯುವಜನ ಸೇವೆಯ ಚರಿತ್ರೆಕಾರರು ಏಕೋ ಮುಟ್ಟುವುದಿಲ್ಲ. ಭಾರತೀಯ ಕ್ರೈಸ್ತರ ಮದುವೆಗೆ ಅದು ಮೊದಲು ಗೊತ್ತುಮಾಡಿದ ವಯಸ್ಸು ಗಂಡಿಗೆ ಹದಿನಾರು, ಹೆಣ್ಣಿಗೆ ಹದಿಮೂರು ದಾಟಿರಬೇಕೆಂದಷ್ಟೇ. ಹದಿನಾಲ್ಕಕ್ಕೆ ಸೊಸೆಯಾಗುವ ಹುಡುಗಿಗೆ ಹರೆಯ ಎಂಬ ಬಿಡುವಾದರೂ ಎಲ್ಲಿ? ಆಕೆ ಸಂಡೇ ಸ್ಕೂಲಿನಿಂದ ನೇರವಾಗಿ ಮಹಿಳಾ ಕೂಟಕ್ಕೆ ಹೋಗುತ್ತಿದ್ದಳು. 1978ರ ತಿದ್ದುಪಡಿ ವಯಸ್ಸನ್ನು 21 ಮತ್ತು 18ಕ್ಕೆ ಏರಿಸಿತು. ಹುಡುಗಿಯರೂ ಕೂತ ಯೌವನಸ್ಥರ ಕೂಟ ಹಳ್ಳಿಗಳಲ್ಲಿ ಸಾಧ್ಯವಾದದ್ದರ ಹಿಂದೆ ಅಮೆರಿಕದ ಯಾವ ಲೀಗಿಗಿಂತಲೂ ಈ ಏರಿಕೆಯ ಪಾಲು ದೊಡ್ಡದು.

ನಡುವಿನ ಸಂಸ್ಥೆಗಳ ಕಥೆ ಎಲ್ಲ ಕಡೆ ಸಿಗುವಂಥದ್ದು. 1780ರಲ್ಲಿ ಇಂಗ್ಲೆಂಡಿನ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲಿಗೆ ರೂಪ ಕೊಟ್ಟರು, 1876ರಲ್ಲಿ ಭಾರತದ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿತು, 1891ರಲ್ಲಿ ವೈ.ಎಂ.ಸಿ.ಎ.ಗಳು ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡವು. 1912ರಲ್ಲಿ ವಿದ್ಯಾರ್ಥಿ ಕ್ರೈಸ್ತ ಚಳವಳಿ, 1954ರಲ್ಲಿ ಸುವಾರ್ತಾ ವಿದ್ಯಾರ್ಥಿಗಳ ಒಕ್ಕೂಟ ಬಂದವು. ಇವೆಲ್ಲ ಕಾಲೇಜು ಇರುವ ಊರುಗಳ ಮಾತು.

ಕಲಬುರಗಿಗೆ ಮೆಥಡಿಸ್ಟರನ್ನು ತಂದದ್ದು ರೈಲು. ಮುಂಬಯಿಯಿಂದ ಹೊರಟ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಅದೇ ಹೊತ್ತಿಗೆ ಅಮೆರಿಕದ ಬೋಧಕ ವಿಲಿಯಂ ಟೇಲರ್ ಮುಂಬಯಿಯಲ್ಲಿ ಕಟ್ಟತೊಡಗಿದ ಸಭೆಗಳು ಇಂಗ್ಲಿಷ್ ಬಲ್ಲ ರೈಲ್ವೆ ನೌಕರರ ನಡುವೆ ಹಳಿಗುಂಟ ಹಬ್ಬಿದವು. ಕನ್ನಡದ ಕೆಲಸ ಬೆಳೆದದ್ದು ಆಮೇಲೆ, ಕಲಬುರಗಿಯಲ್ಲೂ ನಂತರ ಬೆಳಗಾವಿಯಲ್ಲೂ ದುಡಿದ ಡಿ. ಓ. ಅರ್ನ್ಸ್‌ಬರ್ಗರರಂಥವರ ಕಾಲದಲ್ಲಿ. 1904ರಲ್ಲಿ ಲಂಡನ್ ಮಿಶನ್ ಬೆಳಗಾವಿಯನ್ನು ಮೆಥಡಿಸ್ಟರಿಗೆ ಒಪ್ಪಿಸಿದ ಮೇಲೆ ಬೆಳಗಾವಿ, ಕಲಬುರಗಿ, ಬೀದರಗಳ ಕ್ರೈಸ್ತರು ಎರಡು ಸರ್ಕಾರಗಳ ಗಡಿ ಮೀರಿ ಒಂದೇ ಪಂಗಡದವರಾದರು.

20ನೇ ಶತಮಾನದ ಮೊದಲ ದಶಕಗಳಲ್ಲಿ ಬೀದರ ಮತ್ತು ಈಗ ತೆಲಂಗಾಣದಲ್ಲಿರುವ ವಿಕಾರಾಬಾದಿನ ಕಡೆ ಕೇರಿ ಕೇರಿಯೇ ಸಭೆಗೆ ಸೇರಿತು. ಆನಂದರಾಯರ ಕಥೆಗೂ ಇದಕ್ಕೂ ಅಜಗಜಾಂತರ. ಇಲ್ಲಿ ಹುಡುಗ ಮನೆ ಬಿಟ್ಟು ಬಂದವನಲ್ಲ, ಮನೆಮಂದಿಯೊಡನೆ ಬಂದವನು. ಅವನಿಗೆ ಬೇಕಾದದ್ದು ಆಶ್ರಯವಲ್ಲ, ಅಕ್ಷರ. ನಿಜಾಮರ ರಾಜ್ಯದಲ್ಲಿ ಮೇಲಿನ ಓದು ಉರ್ದುವಿನಲ್ಲಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಹಾಡುಗಳಲ್ಲಿ ಮರಾಠಿ, ತೆಲುಗಿನ ಸೋಂಕು — ಇಂಥ ಹುಡುಗನಿಗೆ ಬೋರ್ಡಿಂಗಿನ ವಾರ್ಡನ್ನೇ ಮೇಷ್ಟರು, ಅವರೇ ಸಭಾಪಾಲಕರು. ಎಪ್‌ವರ್ತ್ ಲೀಗ್ ಎಂಬ ಹೆಸರು ವೆಸ್ಲಿ ಹುಟ್ಟಿದ ಇಂಗ್ಲೆಂಡಿನ ಊರಿನದು. 1939ರಲ್ಲಿ ಅಮೆರಿಕದ ಮೆಥಡಿಸ್ಟರು ಒಂದಾದ ಬಳಿಕ ಅದು ಮೆಥಡಿಸ್ಟ್ ಯೂತ್ ಫೆಲೋಶಿಪ್ ಆಯಿತು, ಇಲ್ಲಿಯ ಎಂ.ವೈ.ಎಫ್. ಹೆಸರು ಅದರಿಂದಲೇ ಬಂದದ್ದು.

1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಕೂಡಿಬಂದಾಗ ಈ ಮೆಥಡಿಸ್ಟರು ಅದರೊಳಗೆ ಹೋಗಲಿಲ್ಲ. 1981ರ ಜನವರಿಯಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವಾಯತ್ತವಾಯಿತು. ಕಥೋಲಿಕರಿಗೆ 2005ರ ಜೂನ್ 24ರಂದು ಗುಲ್ಬರ್ಗ ಧರ್ಮಪ್ರಾಂತ್ಯ ದೊರೆತು ರಾಬರ್ಟ್ ಮೈಕಲ್ ಮಿರಾಂಡ ಮೊದಲ ಬಿಷಪ್ ಆದರು. ಕಥೋಲಿಕರ ಯುವಕೂಟಗಳು ಬೆಲ್ಜಿಯಂನ ಪಾದ್ರಿ ಕಾರ್ಡಿನ್ 1920ರ ದಶಕದಲ್ಲಿ ಕಾರ್ಖಾನೆ ಹುಡುಗರಿಗೆ ಕಲಿಸಿದ ‘ನೋಡು, ತೂಗು, ಮಾಡು’ ಎಂಬ ಪದ್ಧತಿಗೆ ಋಣಿ.

ಇನ್ನು ಯಾವ ಸಭೆಯ ಚರಿತ್ರೆಯೂ ಸರಿಯಾಗಿ ಬರೆಯದ, ಆದರೆ ಪ್ರತಿ ಮನೆಗೂ ಗೊತ್ತಿರುವ ಸಂಗತಿ: ಜಾತಿ ಪ್ರಮಾಣಪತ್ರ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಇದ್ದಾರೆ. ಹೀಗಾಗಿ ಹತ್ತನೇ ತರಗತಿ ಮುಗಿಸಿ ಪಿಯು, ಡಿಪ್ಲೊಮಾ ಅರ್ಜಿ ತುಂಬುವಾಗ ಹದಿನಾರರ ಹುಡುಗಿಯ ಎದುರು ಧರ್ಮದ ಕಾಲಮ್ಮು ಬರೀ ಖಾಲಿ ಜಾಗವಾಗಿ ಉಳಿಯುವುದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಗುರುತು, ಭಾನುವಾರ ಇನ್ನೊಂದು ಎಂಬ ಬದುಕಿನ ಬಗ್ಗೆ ಕೂಟದ ಅಣ್ಣನಿಗೆ, ಅಕ್ಕನಿಗೆ ಏನು ಹೇಳಲು ಬರುತ್ತದೆ? ಪಶ್ಚಿಮದ ಯುವಸೇವೆಯ ಕೈಪಿಡಿಗಳಲ್ಲಿ ಈ ಅಧ್ಯಾಯವೇ ಇಲ್ಲ. ಮಾನ್ಯತೆಯ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಈ ಸೀಮೆಗೆ ಸಿಕ್ಕ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಮಾತ್ರ ಊರನ್ನು ನೋಡುತ್ತದೆ, ಧರ್ಮವನ್ನು ಕೇಳುವುದಿಲ್ಲ.

ಕಾನೂನು ಯುವಜನ ಸೇವೆಯ ಬಾಗಿಲಿಗೇ ಬಂದದ್ದು ಕಳೆದ ಹದಿನೈದು ವರ್ಷಗಳಲ್ಲಿ. 2012ರ ಪೋಕ್ಸೊ ಕಾಯಿದೆ ಹದಿನೆಂಟರೊಳಗಿನವರೆಲ್ಲ ಮಕ್ಕಳೆಂದಿತು. ದೌರ್ಜನ್ಯ ಗೊತ್ತಿದ್ದೂ ದೂರು ಕೊಡದಿದ್ದರೆ ಅದೂ ಅಪರಾಧ. ಶಿಬಿರದಲ್ಲಿ ಯಾರು ಯಾರೊಡನೆ ಎಲ್ಲಿ ಮಲಗಬೇಕು, ಒಂಟಿಯಾಗಿ ಮಾತನಾಡಿಸಬಹುದೇ ಎಂಬುದಕ್ಕೆ ಬರೀ ಹಿರಿಯರ ನಂಬಿಕೆ ಸಾಲದಾಯಿತು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆ ಇನ್ನೊಂದು ಕಡೆಯಿಂದ ಬಂತು. ಅಪ್ರಾಪ್ತರನ್ನು, ಮಹಿಳೆಯರನ್ನು, ಪರಿಶಿಷ್ಟರನ್ನು ಕಾನೂನುಬಾಹಿರವಾಗಿ ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ ಸೆರೆ. ಬೆಂಬಲಿಸಿದವರು ಅದನ್ನು ಎಳೆಯರ ರಕ್ಷಣೆ ಎಂದರು. ಕ್ರೈಸ್ತ ಸಂಘಟನೆಗಳು ಬೇಸಿಗೆ ಬೈಬಲ್ ಶಾಲೆಗೂ ಅನುಮಾನದ ಕಣ್ಣು ಬೀಳುವುದೆಂದು ವಿರೋಧಿಸಿದವು. 2023ರ ಜೂನ್ 15ರಂದು ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. 1844ರ ಮಂಗಳೂರಿನ ಜಗಳದ ಪ್ರಶ್ನೆ ಬೇರೆ ವೇಷದಲ್ಲಿ ಮತ್ತೆ ಎದ್ದಿತ್ತು.

ಈಗಿನ ಕಾಲದ ಸಂಸ್ಕೃತಿ ಎಂದರೆ ಸಿನಿಮಾ, ಫ್ಯಾಷನ್ ಎಂದು ಹಿಂದಿನ ಬೋಧಕರು ಎಚ್ಚರಿಸುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಪಟ್ಟಿಯೇ ಹಳತಾಯಿತು. 2020ರ ಮಾರ್ಚಿನ ಲಾಕ್‌ಡೌನ್ ಓದನ್ನೂ ಆರಾಧನೆಯನ್ನೂ ಒಟ್ಟಿಗೆ ಮೊಬೈಲಿಗೆ ತಂದಿತು. ಯೂಟ್ಯೂಬಿನ ತೆಲುಗು, ಹಿಂದಿ ಆರಾಧನೆ ಗೀತೆಗಳು ಕನ್ನಡ ಸ್ತುತಿಪುಸ್ತಕದ ಪಕ್ಕಕ್ಕೆ ಬಂದು ಕೂತವು. ಹಿರಿಯರ ತಬಲಾ, ಹಾರ್ಮೋನಿಯಂಗೂ ಕಿರಿಯರ ಕೀಬೋರ್ಡ್, ಗಿಟಾರಿಗೂ ನಡುವೆ ಜಗ್ಗಾಟ ಶುರುವಾಯಿತು. ರೋಮ್ ಈ ಹರೆಯಕ್ಕೆ ಒಬ್ಬ ಸಂತನನ್ನೇ ಕೊಟ್ಟಿದೆ: ಹದಿನೈದಕ್ಕೆ ತೀರಿಕೊಂಡ, ಕಂಪ್ಯೂಟರಿನ ಗೀಳಿದ್ದ ಇಟಲಿಯ ಕಾರ್ಲೊ ಅಕುಟಿಸ್. 2025ರ ಸೆಪ್ಟೆಂಬರ್ 7ರಂದು ಆತನಿಗೆ ಸಂತ ಪದವಿ ಘೋಷಣೆಯಾಯಿತು.

ಆದರೂ ಆಳಂದ, ಜೇವರ್ಗಿಯ ಕಡೆ ಹರೆಯದವರನ್ನು ಸಭೆಯಿಂದ ದೂರ ಒಯ್ಯುವುದು ಮೊಬೈಲಿಗಿಂತ ಹೆಚ್ಚಾಗಿ ಬಸ್ಸು. ತೊಗರಿ ರಾಶಿ ಮುಗಿದ ಮೇಲೆ ಅಪ್ಪ ಅವ್ವ ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ, ಇಲ್ಲವೆ ಜೊತೆಗೇ ಹೋಗಿ ಶಾಲೆ ಬಿಡುತ್ತಾರೆ. 2011ರಲ್ಲಿ ಜಿಲ್ಲೆಯ ಸಾಕ್ಷರತೆ ರಾಜ್ಯದ 75.36ಕ್ಕಿಂತ ಹತ್ತು ಅಂಶದಷ್ಟು ಹಿಂದಿತ್ತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ನೂರಕ್ಕೆ 42.43 ಪಡೆದು ರಾಜ್ಯದ ಕೊನೆಯ ಸ್ಥಾನದಲ್ಲಿ ನಿಂತಿತು. ಅದೇ ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ನಾನಾ ಭಾಗದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಾರೆ. ಹತ್ತನೇ ತರಗತಿಯಲ್ಲಿ ಸೋತ ಪಕ್ಕದ ಹಳ್ಳಿಯ ಹುಡುಗನಿಗೆ ಅದರ ಗೇಟು ಬಹಳ ದೂರ. ಇಂಥ ಕಡೆ ಗಣಿತದ ಟ್ಯೂಷನ್ ಹೇಳದ ಯೌವನಸ್ಥರ ಕೂಟ ಅರ್ಧ ಕೂಟವೇ ಸರಿ.

ಎಲ್ಲ ವಯಸ್ಸಿನವರೂ ಒಂದೆಡೆ ಸೇರುವ ಹಳೆಯ ಪದ್ಧತಿಯೂ ಉಳಿದಿದೆ. ವಿಕಾರಾಬಾದಿನ ಬಳಿಯ ಧಾರೂರಿನಲ್ಲಿ 1920ರ ದಶಕದಲ್ಲಿ ಶುರುವಾದ ಮೆಥಡಿಸ್ಟ್ ಜಾತ್ರೆ ಈಗಲೂ ಪ್ರತಿ ನವೆಂಬರಿನಲ್ಲಿ ನಡೆಯುತ್ತದೆ. ಕಲಬುರಗಿಯಿಂದ ಹೋಗುವವರು ವಾಡಿ, ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಧಾರೂರು ನಿಲ್ದಾಣದಲ್ಲಿ ಇಳಿಯುತ್ತಾರೆ.